ಮಕ್ಕಳ ಗಡಿಯಾರದಲ್ಲಿ ಲಂಡನ್

ಬೆಳಗಿನ ಜಾವ ಎರಡೂವರೆಗೆ ಮಗ ಎದ್ದು ಕೂತ. "ಅಮ್ಮ, ಬೆಳಗಾಯ್ತು. ಹಾಲು" ಅಂದ. ಕಿಟಕಿಯಾಚೆ ಲಂಡನ್ ಇನ್ನೂ ಕತ್ತಲಲ್ಲಿ ಮಲಗಿತ್ತು. ಆದರೆ ಮೈಸೂರಿನಲ್ಲಿ ಆಗ ಏಳು ಗಂಟೆ. ನಮ್ಮ ಬೀದಿಯಲ್ಲಿ ಹೂವಿನವರು ಕೂಗಿಕೊಂಡು ಹೋಗುವ ಹೊತ್ತು. ಎರಡೂವರೆ ವರ್ಷದ ಮಗುವಿನ ಹೊಟ್ಟೆಗೆ ಗೊತ್ತಿರುವುದು ಆ ಗಡಿಯಾರ ಒಂದೇ.

ಪಕ್ಕದಲ್ಲಿ ಆರು ವರ್ಷದ ಮಗಳೂ ಕಣ್ಣು ಬಿಟ್ಟಿದ್ದಳು. "ಇಲ್ಲಿ ಯಾಕಮ್ಮ ಇನ್ನೂ ರಾತ್ರಿ?" ಅಂದಳು. ನಮ್ಮ ಗಡಿಯಾರಕ್ಕೂ ಇಲ್ಲಿನದಕ್ಕೂ ನಾಲ್ಕೂವರೆ ಗಂಟೆ ವ್ಯತ್ಯಾಸ ಪುಟ್ಟಿ, ನಮ್ಮದು ಮುಂದೆ ಅಂದೆ. "ಹಾಗಂತ ಯಾರು ಹೇಳಿದ್ದು?" ಅಂತ ಕೇಳಿದಳು. ಇದೇ ಊರಲ್ಲಿ ಒಂದು ಗುಡ್ಡ ಇದೆ, ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸ್ತೀನಿ ಅಂತ ಮಾತು ಕೊಟ್ಟೆ.

2024ರ ಮೇ ತಿಂಗಳು. ಶಾಲೆಗೆ ಬೇಸಿಗೆ ರಜೆ. ನಾನು, ನನ್ನ ಗಂಡ, ಇಬ್ಬರು ಮಕ್ಕಳು. ಹತ್ತು ದಿನ. ಹೊರಡುವ ಮುಂಚೆ ಎಷ್ಟೋ ಜನ "ಇಷ್ಟು ಚಿಕ್ಕ ಮಕ್ಕಳನ್ನ ಕಟ್ಟಿಕೊಂಡು ಯಾಕೆ? ಅವಕ್ಕೇನು ನೆನಪಿರುತ್ತೆ?" ಅಂದರು. ಅವಕ್ಕೆ ಏನು ನೆನಪಿದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಹೋದ ಬಗೆ.

ವೀಸಾ ಕೆಲಸವನ್ನು ಮಾರ್ಚ್‌ನಲ್ಲೇ ಶುರು ಮಾಡಿದೆವು. ಮಗು ಚಿಕ್ಕದು, ನಮ್ಮ ಜೊತೆಗೇ ಸೇರಿಹೋಗುತ್ತದೆ ಅಂದುಕೊಳ್ಳುವ ಹಾಗಿಲ್ಲ. ಒಬ್ಬೊಬ್ಬ ಮಗುವಿಗೂ ಬೇರೆ ಅರ್ಜಿ, ಬೇರೆ ಫೀಸು. ಆರು ತಿಂಗಳ ವಿಸಿಟರ್ ವೀಸಾಗೆ ಆಗ ತಲಾ 115 ಪೌಂಡ್ ಇತ್ತು. ಮಕ್ಕಳಿಗೆ ರಿಯಾಯಿತಿ ಇಲ್ಲ. ಮಕ್ಕಳ ಜನನ ಪ್ರಮಾಣಪತ್ರ, ನಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಗಂಡನ ಆಫೀಸಿನಿಂದ ರಜೆಯ ಪತ್ರ, ಎಲ್ಲವನ್ನೂ ಜೋಡಿಸಿಟ್ಟುಕೊಂಡು ಬೆಳಗಿನ ಟ್ರೇನಿಗೆ ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋದೆವು. ಐದು ವರ್ಷದ ಒಳಗಿನವರಿಗೆ ಬೆರಳಚ್ಚು ಬೇಡ, ಫೋಟೊ ಮಾತ್ರ. ಆದರೆ ಆ ಫೋಟೊಗೆ ಮಗುವೇ ಬರಬೇಕು, ಕ್ಯಾಮೆರಾ ನೋಡಬೇಕು, ಅಳಬಾರದು. ಅಲ್ಲಿದ್ದ ಒಬ್ಬ ಹೆಣ್ಣುಮಗಳು ತನ್ನ ಬೀಗದ ಕೈ ಗೊಂಚಲನ್ನು ಕ್ಯಾಮೆರಾ ಮೇಲೆ ಹಿಡಿದು ಅಲ್ಲಾಡಿಸಿದಳು. ಮಗ ಬಾಯಿ ಬಿಟ್ಟುಕೊಂಡು ನೋಡಿದ. ಮೂರನೇ ಸಲಕ್ಕೆ ಬಾಯಿ ಮುಚ್ಚಿದ. ಆಕೆಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಸಾಮಾನು ಕಟ್ಟುವಾಗ ಒಂದು ವಿಷಯ ಗೊತ್ತಾಯಿತು. ಹಾಲಿನಿಂದ ಮಾಡಿದ್ದನ್ನು, ಮಾಂಸದಿಂದ ಮಾಡಿದ್ದನ್ನು ನಮ್ಮ ದೇಶದಿಂದ ಅಲ್ಲಿಗೆ ಒಯ್ಯುವಂತಿಲ್ಲ. ಅತ್ತೆ ಕಾಯಿಸಿ ಡಬ್ಬಿಗೆ ತುಂಬಿಟ್ಟಿದ್ದ ತುಪ್ಪ ಮನೆಯಲ್ಲೇ ಉಳಿಯಿತು. ತುಪ್ಪದಲ್ಲಿ ಹುರಿದ ಹುರಿಹಿಟ್ಟಿನ ಉಂಡೆಯೂ ಉಳಿಯಿತು. ಚಟ್ನಿಪುಡಿ, ಮೆಂತ್ಯದ ಹಿಟ್ಟು, ರಾಗಿ ಹಿಟ್ಟು, ಹುಣಸೆಹಣ್ಣು, ಒಂದು ಪುಟ್ಟ ರೈಸ್ ಕುಕ್ಕರ್ ಹೊರಟವು. ಕರೆಂಟು ನಮ್ಮಷ್ಟೇ, 230 ವೋಲ್ಟ್. ಪ್ಲಗ್ಗಿನ ಕಾಲು ಮಾತ್ರ ಬೇರೆ, ಮೂರೂ ಚಪ್ಪಟೆ. ಒಂದು ಅಡಾಪ್ಟರ್ ಸಾಕು. ಆ ಕುಕ್ಕರ್ ಇಲ್ಲದಿದ್ದರೆ ಹತ್ತು ದಿನ ದೂಡುವುದು ಕಷ್ಟವಾಗುತ್ತಿತ್ತು.

ವಿಮಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹತ್ತು ಗಂಟೆಗೂ ಮೇಲೆ. ಇಳಿಯುವಾಗ ಕಿವಿ ನೋಯದಿರಲಿ ಅಂತ ಮಗಳ ಬಾಯಿಗೆ ಕಲ್ಲುಸಕ್ಕರೆ ಹಾಕಿದೆ, ಚಿಕ್ಕವನಿಗೆ ನೀರಿನ ಬಾಟಲಿ ಕೊಟ್ಟೆ. ನುಂಗುತ್ತಾ ಇದ್ದರೆ ಕಿವಿ ತಾನಾಗಿ ಬಿಡುತ್ತದೆ.

ಹೀಥ್ರೋ ವಿಮಾನ ನಿಲ್ದಾಣದಿಂದ ಊರೊಳಗೆ ಬರಲು ಎಲಿಜಬೆತ್ ಲೈನ್ ಹಿಡಿದೆವು. 2022ರಲ್ಲಿ ಶುರುವಾದ ಹೊಸ ಮಾರ್ಗ. ಊರೊಳಗಿನ ಅದರ ಸ್ಟೇಷನ್‌ಗಳಲ್ಲಿ ಬೀದಿಯಿಂದ ಟ್ರೇನಿನವರೆಗೂ ಲಿಫ್ಟ್ ಇದೆ. ಎರಡು ದೊಡ್ಡ ಸೂಟ್‌ಕೇಸು, ಒಂದು ಸ್ಟ್ರಾಲರ್, ನಿದ್ದೆಗಣ್ಣಿನ ಇಬ್ಬರು ಮಕ್ಕಳು ಇದ್ದಾಗ ಅದರ ಬೆಲೆ ಗೊತ್ತಾಗುತ್ತದೆ. ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಇಳಿದು ಕಪ್ಪು ಟ್ಯಾಕ್ಸಿ ಹಿಡಿದೆವು. ಸ್ಟ್ರಾಲರನ್ನು ಮಡಚದೆ, ಮಗುವಿನ ಸಮೇತ ಹಾಗೇ ಒಳಗೆ ತಳ್ಳಬಹುದಾದ ಕಾರು ಅದು. ಮಲಗಿದ್ದ ಮಗ ಏಳಲಿಲ್ಲ. ಅವತ್ತು ಕೊಟ್ಟ ದುಡ್ಡಿನಲ್ಲಿ ಅದರಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ.

ಮನೆ ರಸೆಲ್ ಸ್ಕ್ವೇರ್ ಹತ್ತಿರ. ಮೂರನೇ ಮಹಡಿ. ಬುಕ್ ಮಾಡುವಾಗ ಲಿಫ್ಟ್ ಇದೆ ಅಂತ ಬರೆದಿದ್ದರು. ಬಾಗಿಲ ಮೇಲೆ ಕೆಟ್ಟಿದೆ ಅನ್ನುವ ಚೀಟಿ ಅಂಟಿಸಿತ್ತು. ಮೆಸೇಜ್ ಹಾಕಿದರೆ ಉತ್ತರ ಬಂದದ್ದು ನಾಲ್ಕನೇ ದಿನ. ಚಿಕ್ಕ ಮಕ್ಕಳ ಜೊತೆ ಹೋಗುವವರು ಬುಕ್ ಮಾಡಿದ ಮೇಲೂ ಒಂದು ಸಲ, ಹೊರಡುವ ಹಿಂದಿನ ವಾರ ಇನ್ನೊಂದು ಸಲ ಲಿಫ್ಟ್ ಬಗ್ಗೆ ಕೇಳಿ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಐವತ್ತೆಂಟು ಮೆಟ್ಟಿಲು. ಮಗಳು ಎಣಿಸಿದಳು.

ಆ ಮೊದಲ ರಾತ್ರಿಗೆ ವಾಪಸ್ ಬರುತ್ತೇನೆ. ಎರಡೂವರೆಗೆ ಎದ್ದ ಮಕ್ಕಳನ್ನು ಮತ್ತೆ ಮಲಗಿಸುವ ಪ್ರಯತ್ನವನ್ನು ನಾಲ್ಕಕ್ಕೆ ಬಿಟ್ಟೆವು. ರಾಗಿ ಗಂಜಿ ಕಾಯಿಸಿದೆ. ಮೇ ತಿಂಗಳಲ್ಲಿ ಅಲ್ಲಿ ಐದಕ್ಕೆಲ್ಲ ಸೂರ್ಯ ಹುಟ್ಟುತ್ತಾನೆ. ಐದೂವರೆಗೆ ನಾಲ್ಕೂ ಜನ ಬೀದಿಯಲ್ಲಿದ್ದೆವು. ಬಸ್ಸು ಹತ್ತಿ ವಾಟರ್‌ಲೂ ಹತ್ತಿರ ಇಳಿದು ನಡೆದು ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಬಂದರೆ, ಅಲ್ಲಿ ಯಾರೂ ಇಲ್ಲ! ಹಗಲು ಹೊತ್ತು ಕಾಲಿಡಲು ಜಾಗ ಇರದ ಸೇತುವೆ. ಮಗ ಸ್ಟ್ರಾಲರಿನಿಂದ ಇಳಿದು ಈ ತುದಿಯಿಂದ ಆ ತುದಿಗೆ ಓಡಿದ. ಬಿಗ್ ಬೆನ್ ಆರು ಹೊಡೆಯಿತು. ಮಗಳು ಬೆರಳು ಮಡಚುತ್ತಾ ಎಣಿಸಿ, "ನಮ್ಮೂರಲ್ಲಿ ಹತ್ತೂವರೆ" ಅಂದಳು.

ಆ ಬೆಳಿಗ್ಗೆಯೇ ಮುಂದಿನ ಹತ್ತು ದಿನದ ಕ್ರಮ ತೀರ್ಮಾನವಾಯಿತು. ಮಕ್ಕಳ ಗಡಿಯಾರವನ್ನು ಬಲವಂತವಾಗಿ ತಿರುಗಿಸುವುದು ಬೇಡ. ಅವರು ಎದ್ದಾಗ ಹೊರಡುವುದು, ಅವರು ಬಾಡುವ ಮೊದಲು ಮನೆ ಸೇರುವುದು. ದಿನಕ್ಕೆ ಒಂದೇ ದೊಡ್ಡ ಜಾಗ. ಮಧ್ಯಾಹ್ನ ಮೂರು ಅಂದರೆ ಮನೆ. ನನ್ನ ಗಂಡ ಬರೆದು ತಂದಿದ್ದ ಪಟ್ಟಿಯಲ್ಲಿ ಇಪ್ಪತ್ತಾರು ಜಾಗ ಇದ್ದವು. ಅದರಲ್ಲಿ ಒಂಬತ್ತು ಉಳಿಸಿದೆವು. ಲಂಡನ್ ಟವರ್ ಬಿಟ್ಟೆವು, ಲಂಡನ್ ಐ ಅನ್ನುವ ದೊಡ್ಡ ಚಕ್ರ ಬಿಟ್ಟೆವು, ಅರಮನೆಯ ಕಾವಲು ಬದಲಾಗುವುದನ್ನೂ ಬಿಟ್ಟೆವು. ನನಗೆ ಬೇಜಾರಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ದಣಿದು ಅಳುವ ಮಗುವನ್ನು ಎತ್ತಿಕೊಂಡು ನೋಡಿದ್ದು ನೋಡಿದ ಹಾಗಾಗುವುದಿಲ್ಲ ಅಲ್ವಾ.

ಸೇತುವೆಯಿಂದ ನದಿಯ ದಕ್ಷಿಣದ ದಂಡೆ ಹಿಡಿದು ನಡೆದೆವು. ಪಾರ್ಲಿಮೆಂಟಿನ ಎದುರು ದಂಡೆಯಲ್ಲಿ ಒಂದು ಉದ್ದದ ಗೋಡೆ, ಗೋಡೆಯ ತುಂಬ ಕೈಯಲ್ಲಿ ಬಿಡಿಸಿದ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಹೋದ ಒಬ್ಬೊಬ್ಬರಿಗೆ ಒಂದೊಂದು. ಎರಡು ಲಕ್ಷಕ್ಕೂ ಹೆಚ್ಚು ಇವೆ. 2021ರಲ್ಲಿ ಮನೆಯವರನ್ನು ಕಳೆದುಕೊಂಡವರೇ ಶುರು ಮಾಡಿದ ಗೋಡೆ ಅದು. ನನ್ನ ಸೋದರಮಾವ ಹೋದದ್ದೂ ಅದೇ ವರ್ಷ. ಸ್ವಲ್ಪ ಹೊತ್ತು ನಿಂತೆ. ಮಗ ಒಂದು ಹೃದಯದ ಮೇಲೆ ಅಂಗೈ ಇಟ್ಟ.

ಲ್ಯಾಂಬೆತ್ ಸೇತುವೆ ಕಳೆದು ಅದೇ ದಂಡೆಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣ. ಕಲಬುರಗಿಯವರಾದ, ಹಿಂದೆ ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರ ಪ್ರಯತ್ನದಿಂದ ಬಂದ ಮೂರ್ತಿ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಆ ಹೊತ್ತಿನಲ್ಲಿ ಅಲ್ಲಿ ಓಡುವವರು, ನಾಯಿ ಹಿಡಿದವರು ಬಿಟ್ಟರೆ ನಾವೇ. ಮಗಳು ಶಾಲೆಯಲ್ಲಿ ಕಲಿತ ವಚನವನ್ನು ಪೂರ್ತಿ ಹೇಳಿದಳು. ಎರಡು ಕಡೆ ತಡವರಿಸಿದಳು, ಅವಳಪ್ಪ ಎತ್ತಿಕೊಟ್ಟರು. ಥೇಮ್ಸ್ ಪಕ್ಕ ಬೆಳಗಿನ ಏಳಕ್ಕೆ ಮಗಳ ಬಾಯಲ್ಲಿ ಕನ್ನಡ ಕೇಳಿದ್ದು ನನಗೆ ಆ ಪ್ರವಾಸದ ದೊಡ್ಡ ಸುಖಗಳಲ್ಲಿ ಒಂದು.

ಓಡಾಟಕ್ಕೆ ಬಸ್ಸೇ ಚೆನ್ನ. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಬಸ್ಸು, ಟ್ಯೂಬ್ ಅನ್ನುವ ನೆಲದಡಿ ರೈಲು ಎರಡೂ ಉಚಿತ. ದೊಡ್ಡವರಿಗೆ ಬಸ್ಸಿನ ದರ ಆಗ 1.75 ಪೌಂಡ್. ಒಂದು ಸಲ ಕಾರ್ಡ್ ತೋರಿಸಿದರೆ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಾಯಿಸಿದರೂ ಮತ್ತೆ ದುಡ್ಡಿಲ್ಲ. ಮಗನಿಗೆ ಬಾತ್‌ರೂಂ ಬಂತು ಅಂತ ಮಧ್ಯದಲ್ಲಿ ಇಳಿದರೂ ನಷ್ಟವಿಲ್ಲ. ನಗದು ತೆಗೆದುಕೊಳ್ಳುವುದೇ ಇಲ್ಲ. ಸ್ಟ್ರಾಲರನ್ನು ಮಡಚದೆ ಮಧ್ಯದ ಬಾಗಿಲ ಹತ್ತಿರದ ಜಾಗದಲ್ಲಿ ನಿಲ್ಲಿಸಬಹುದು. ಆದರೆ ಆ ಜಾಗ ಮೊದಲು ಗಾಲಿಕುರ್ಚಿಯವರದು. ಎರಡನೇ ದಿನ ಒಂದು ಸ್ಟಾಪಿನಲ್ಲಿ ಗಾಲಿಕುರ್ಚಿಯ ಅಜ್ಜಿಯೊಬ್ಬರು ಹತ್ತಿದರು. ಮಲಗಿದ್ದ ಮಗನನ್ನು ನಾನು ಎತ್ತಿಕೊಂಡೆ, ಗಂಡ ಸ್ಟ್ರಾಲರ್ ಮಡಚಿದರು. ಅವನು ಎದ್ದು ಅಳಲು ಶುರು ಮಾಡಿದ. ಆ ಅಜ್ಜಿ ತಮ್ಮ ಚೀಲದಿಂದ ಕೆಂಪು ಉಲ್ಲನ್‌ನ ಉಂಡೆ ತೆಗೆದು ಅವನ ಕೈಗೆ ಕೊಟ್ಟರು. ಆರು ಸ್ಟಾಪು ಅವನು ಅದನ್ನು ಬಿಚ್ಚಿದ, ಅವರು ಸುತ್ತಿದರು. ಇಬ್ಬರೂ ಒಂದು ಮಾತು ಆಡಲಿಲ್ಲ.

ಟ್ಯೂಬ್ ವೇಗ, ಆದರೆ ಮೆಟ್ಟಿಲು ಜಾಸ್ತಿ. ಲಂಡನ್ನಿನ ಮೊದಲ ನೆಲದಡಿ ರೈಲು 1863ರದು. ಆಗಿನವರು ಸ್ಟ್ರಾಲರನ್ನೂ ಗಾಲಿಕುರ್ಚಿಯನ್ನೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. 272 ಸ್ಟೇಷನ್‌ಗಳಲ್ಲಿ ಮೆಟ್ಟಿಲಿಲ್ಲದೆ ಪ್ಲಾಟ್‌ಫಾರಂ ಮುಟ್ಟಬಹುದಾದವು ಮೂರನೇ ಒಂದರಷ್ಟು ಮಾತ್ರ. ಸೌತ್ ಕೆನ್ಸಿಂಗ್‌ಟನ್‌ನಲ್ಲಿ ಮೆಟ್ಟಿಲ ಬುಡದಲ್ಲಿ ನಾವು ನಿಂತಾಗ ಹಿಂದಿನಿಂದ ಯಾರೋ ಬಂದು ಸ್ಟ್ರಾಲರಿನ ಮುಂದಿನ ಕಂಬಿ ಹಿಡಿದರು, ಮೇಲಕ್ಕೆ ಹತ್ತಿಸಿದರು, ತಲೆ ಅಲ್ಲಾಡಿಸಿ ಹೊರಟೇ ಹೋದರು. ಹತ್ತು ದಿನದಲ್ಲಿ ಹೀಗೆ ಐದು ಸಲ ಆಯಿತು. ಲಂಡನ್ನಿನವರು ಮುಖ ಕೊಟ್ಟು ಮಾತಾಡುವುದಿಲ್ಲ ಅನ್ನುವ ಮಾತು ಕೇಳಿದ್ದೆ. ಮಾತಾಡುವುದಿಲ್ಲ, ನಿಜ. ಕೈ ಕೊಡುತ್ತಾರೆ. ಟ್ಯೂಬ್ ಹತ್ತುವಾಗ ಮಗಳಿಗೆ ಒಂದು ನಿಯಮ ಕಲಿಸಿದ್ದೆವು. ಬಾಗಿಲು ಮುಚ್ಚಿ ನೀನೊಬ್ಬಳೇ ಒಳಗೆ ಉಳಿದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅಲ್ಲೇ ನಿಲ್ಲು. ನೀನೊಬ್ಬಳೇ ಹೊರಗೆ ಉಳಿದರೆ ನಿಂತ ಜಾಗ ಬಿಡಬೇಡ. ದಿನಾ ಬೆಳಿಗ್ಗೆ ಒಂದು ಸಲ ಅವಳ ಬಾಯಲ್ಲೇ ಹೇಳಿಸುತ್ತಿದ್ದೆ. ದೇವರ ದಯೆ, ಬೇಕಾಗಲಿಲ್ಲ.

ಊಟದ ವಿಷಯ. ಮಗ ಮೊದಲ ಎರಡು ದಿನ ಹಾಲು ಬಾಯಿಗೆ ಇಡಲಿಲ್ಲ. ನೀರು ನೀರು ಅನ್ನಿಸಿರಬೇಕು. ಅಂಗಡಿಯಲ್ಲಿ ವಿಚಾರಿಸಿದ ಮೇಲೆ ತಿಳಿಯಿತು, ಅಲ್ಲಿ ಹಾಲಿನ ಡಬ್ಬಿಯ ಮುಚ್ಚಳದ ಬಣ್ಣ ನೋಡಿ ಕೊಳ್ಳಬೇಕು. ಹಸಿರು ಅಂದರೆ ಅರ್ಧ ಕೆನೆ ತೆಗೆದದ್ದು, ಕೆಂಪು ಅಂದರೆ ಪೂರ್ತಿ ತೆಗೆದದ್ದು. ನೀಲಿ ಮುಚ್ಚಳದ್ದು ಗಟ್ಟಿ ಹಾಲು. ನೀಲಿ ತಂದ ದಿನ ಲೋಟ ಖಾಲಿ. ಮೊಸರಿಗೆ ಅಲ್ಲಿನ ಗಟ್ಟಿ ಯೋಗರ್ಟ್ ತಂದು ಸ್ವಲ್ಪ ನೀರು ಬೆರೆಸಿ ಉಪ್ಪು ಹಾಕಿದರೆ ಮೊಸರನ್ನ ಸೊಗಸಾಗುತ್ತದೆ. ಹುಳಿ ಕಡಿಮೆ, ಮಕ್ಕಳಿಗೆ ಹಿಡಿಸಿತು. ಬೆಳಿಗ್ಗೆ ಡಬ್ಬಿಗೆ ಚಿತ್ರಾನ್ನವೋ ಮೊಸರನ್ನವೋ ತುಂಬಿಕೊಂಡು ಹೋಗಿ ಪಾರ್ಕಿನ ಬೆಂಚಿನಲ್ಲಿ ತಿನ್ನಿಸಿಬಿಡುತ್ತಿದ್ದೆ. ಒಂದು ದಿನ ಮಾತ್ರ ಯೂಸ್ಟನ್ ಸ್ಟೇಷನ್ ಹಿಂದಿನ ಡ್ರಮಂಡ್ ಸ್ಟ್ರೀಟ್‌ಗೆ ಹೋಗಿ ದೋಸೆ ತಿಂದೆವು. ಆ ಬೀದಿಯಲ್ಲಿ ನಮ್ಮ ಕಡೆಯ ಸಸ್ಯಾಹಾರದ ಹೋಟೆಲುಗಳು ಬಹಳ ವರ್ಷದಿಂದ ಇವೆ. ಇನ್ನೊಂದು ಮಾತು, ತಾಯಂದಿರಿಗೆ. ಶೌಚಾಲಯದಲ್ಲಿ ನೀರಿನ ನಲ್ಲಿ ಇರುವುದಿಲ್ಲ, ಕಾಗದ ಮಾತ್ರ. ಒಂದು ಖಾಲಿ ಬಾಟಲಿ ಚೀಲದಲ್ಲಿ ಸದಾ ಇರಲಿ. ಮ್ಯೂಸಿಯಂಗಳಲ್ಲಿ ಶೌಚಾಲಯ ಚೊಕ್ಕಟ, ಡೈಪರ್ ಬದಲಿಸಲು ಹಲಗೆ ಇರುತ್ತದೆ. ದೊಡ್ಡ ರೈಲು ಸ್ಟೇಷನ್‌ಗಳಲ್ಲೂ ಈಗ ದುಡ್ಡು ಕೊಡಬೇಕಿಲ್ಲ.

ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಬಾಗಿಲು ದಾಟಿದರೆ ತಲೆಯ ಮೇಲೆ ನೀಲಿ ತಿಮಿಂಗಿಲದ ಅಸ್ಥಿಪಂಜರ, 25 ಮೀಟರ್ ಉದ್ದ. 1891ರಲ್ಲಿ ಐರ್ಲೆಂಡಿನ ದಡಕ್ಕೆ ಬಂದು ಸಿಕ್ಕಿಕೊಂಡ ತಿಮಿಂಗಿಲ ಅದು. ಮಗಳು ಅದರ ಕೆಳಗೆ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. ಯಾರೂ ಏಳು ಅನ್ನಲಿಲ್ಲ. ಡೈನೋಸಾರ್ ವಿಭಾಗದಲ್ಲಿ ತಲೆ ತಿರುಗಿಸಿ ಗುರುಗುಟ್ಟುವ ಯಂತ್ರದ ಟಿ. ರೆಕ್ಸ್ ಇದೆ. ಚಿಕ್ಕವನು ಹೆದರಿ ನನ್ನ ಕುತ್ತಿಗೆ ಬಿಡಲಿಲ್ಲ. ಮೂರು ವರ್ಷದ ಒಳಗಿನವರಿಗೆ ಆ ಮೂಲೆ ಬೇಡ.

ಮರುದಿನ ರಸ್ತೆಯಾಚೆಯ ವಿ ಆಂಡ್ ಎ, ಅಂದರೆ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ. ಅದಕ್ಕೂ ಟಿಕೆಟ್ ಇಲ್ಲ. ಅಲ್ಲಿಗೆ ನಾನು ಹೋದದ್ದು ಒಂದೇ ವಸ್ತುವಿಗೆ. ಟಿಪ್ಪುವಿನ ಹುಲಿ.

ದಕ್ಷಿಣ ಏಷ್ಯಾದ ವಸ್ತುಗಳ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಅದು ಇತ್ತು. ಚಿತ್ರದಲ್ಲಿ ನೋಡಿ ಸಣ್ಣ ಗೊಂಬೆ ಅಂದುಕೊಂಡಿದ್ದೆ. ಅಲ್ಲ, ಹೆಚ್ಚುಕಡಿಮೆ ಆಳುದ್ದ. ಮರದ ಹುಲಿ, ಹಳದಿ ಮೈ, ಕಪ್ಪು ಪಟ್ಟೆ. ಅದರ ಕೆಳಗೆ ಅಂಗಾತ ಬಿದ್ದ ಒಬ್ಬ ಬಿಳಿಯ, ಕೆಂಪು ಕೋಟು, ಕಪ್ಪು ಹ್ಯಾಟು. ಹುಲಿಯ ಹಲ್ಲು ಅವನ ಕುತ್ತಿಗೆಯಲ್ಲಿ. ಹುಲಿಯ ಮೈಯಲ್ಲಿ ಒಂದು ತಿರುಗಣೆ. ಅದನ್ನು ತಿರುಗಿಸಿದರೆ ಬಿದ್ದವನ ಎಡಗೈ ಎದ್ದು ಇಳಿಯುತ್ತಿತ್ತು, ಅವನು ನರಳುವ ಸದ್ದು, ಹುಲಿ ಗುರುಗುಟ್ಟುವ ಸದ್ದು ಬರುತ್ತಿತ್ತು. ಹೊಟ್ಟೆಯ ಪಕ್ಕದಲ್ಲಿ ಒಂದು ಬಾಗಿಲು, ಒಳಗೆ ಆರ್ಗನ್ ಅನ್ನುವ ಪುಟ್ಟ ವಾದ್ಯ. ಈಗ ಯಾರೂ ಹಾಗೆ ತಿರುಗಿಸುವಂತಿಲ್ಲ. ತುಂಬಾ ಹಳೆಯದು, ಮುರಿದೀತು.

ಮಗಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು. ಶ್ರೀರಂಗಪಟ್ಟಣಕ್ಕೆ ನಾವು ವರ್ಷಕ್ಕೆ ಎರಡು ಸಲವಾದರೂ ಹೋಗುತ್ತೇವೆ. ದರಿಯಾ ದೌಲತ್‌ನ ಗೋಡೆಯ ಯುದ್ಧದ ಚಿತ್ರ ಅವಳಿಗೆ ಪರಿಚಯ. ಟಿಪ್ಪು ಬಿದ್ದ ಜಾಗದ ಹತ್ತಿರ ಕಬ್ಬಿನ ಹಾಲು ಕುಡಿದಿದ್ದಾಳೆ.

"ಇದು ನಮ್ಮ ಶ್ರೀರಂಗಪಟ್ಟಣದ್ದಾ ಅಮ್ಮ?"

"ಹೌದು ಪುಟ್ಟಿ."

"ಇಲ್ಲಿಗೆ ಹೇಗೆ ಬಂತು?"

1799ರ ಮೇ 4ರಂದು ಕೋಟೆ ಬಿತ್ತು, ಗೆದ್ದವರು ಅರಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಹಂಚಿಕೊಂಡರು, ಇದನ್ನು ಹಡಗಿನಲ್ಲಿ ತಂದು ಈಸ್ಟ್ ಇಂಡಿಯಾ ಕಂಪನಿಯವರ ಕಚೇರಿಯಲ್ಲಿ ಜನಕ್ಕೆ ತೋರಿಸಲು ಇಟ್ಟರು, 1880ರಲ್ಲಿ ಈ ಮ್ಯೂಸಿಯಂಗೆ ಬಂತು ಅಂತ ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಕೇಳಿ ತಗೊಂಡ್ರಾ?"

"ಇಲ್ಲ."

"ಮತ್ತೆ ವಾಪಸ್ ಕೊಡಬೇಕಲ್ವಾ? ನೀನು ನಂಗೆ ಹಾಗೇ ಹೇಳಿದ್ದೆ."

ಪಕ್ಕದ ಮನೆ ಹುಡುಗಿಯ ಪೆನ್ಸಿಲ್ ಬಾಕ್ಸ್ ತಂದಿದ್ದಾಗ ಹೇಳಿದ್ದೆ, ನಿಜ. ದೊಡ್ಡವರೂ ಈ ಪ್ರಶ್ನೆಯನ್ನು ಕೇಳುತ್ತಾನೇ ಇದ್ದಾರೆ, ಇನ್ನೂ ಮುಗಿದಿಲ್ಲ ಅಂದೆ. ನನಗೆ ಅನ್ನಿಸಿದ್ದೂ ಅದೇ, ಅದನ್ನೂ ಹೇಳಿದೆ. ನಮ್ಮೂರಿನ ಬಡಗಿ ಕೆತ್ತಿದ್ದು, ನಮ್ಮೂರಿನ ಮಕ್ಕಳು ನೋಡಲು ನಾಲ್ಕು ಜನರ ವೀಸಾಗೆ 460 ಪೌಂಡ್ ಕಟ್ಟಿ ಬರಬೇಕು. ಇದು ಸರಿ ಅಂತ ನನ್ನ ಮನಸ್ಸು ಒಪ್ಪುವುದಿಲ್ಲ. ಅದನ್ನು ಅವರು ಎಷ್ಟು ಜೋಪಾನವಾಗಿ ಇಟ್ಟಿದ್ದಾರೆ ಅನ್ನುವುದೂ ನಿಜ. ಎರಡೂ ಮಾತನ್ನು ಮಗಳಿಗೆ ಹೇಳಿದೆ. ಅವಳು ಮೊದಲನೆಯದನ್ನು ಮಾತ್ರ ಇಟ್ಟುಕೊಂಡಳು. ಹೊರಡುವಾಗ ಗಾಜಿನ ಮೇಲೆ ಕೈ ಆಡಿಸಿ, "ಬರ್ತೀವಿ" ಅಂದಳು, ಅಜ್ಜಿ ಮನೆಯಿಂದ ಹೊರಡುವಾಗ ಹೇಳುವ ಹಾಗೆ.

ಅದೇ ಮ್ಯೂಸಿಯಂನ ನಡುವಿನ ಅಂಗಳದಲ್ಲಿ ಮೊಣಕಾಲೂ ಮುಳುಗದ ಒಂದು ಕೊಳ ಇದೆ. ಬಿಸಿಲಿರುವ ದಿನ ಮಕ್ಕಳು ಅದರಲ್ಲಿ ಇಳಿದು ಆಡುತ್ತಾರೆ. ನಮ್ಮವರೂ ಇಳಿದರು. ಒಂದು ಗಂಟೆ ಮೇಲೆ ಏಳಲಿಲ್ಲ. ಹಾಗೆ ಹೋಗುವವರು ಒಂದು ಜೊತೆ ಬಟ್ಟೆ, ಒಂದು ಟವೆಲ್ ಚೀಲದಲ್ಲಿ ಇಟ್ಟುಕೊಂಡಿರಿ.

ಐದನೇ ರಾತ್ರಿ ಮಗನಿಗೆ ಜ್ವರ ಬಂತು. 39 ಡಿಗ್ರಿ. ಬೇರೆ ದೇಶದಲ್ಲಿ, ಮೂರನೇ ಮಹಡಿಯಲ್ಲಿ, ರಾತ್ರಿ ಹನ್ನೊಂದಕ್ಕೆ ಮಗುವಿನ ಮೈ ಸುಡುವಾಗ ಹೊಟ್ಟೆಯಲ್ಲಿ ಆಗುವುದನ್ನು ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ 111 ಅಂತ ಉಚಿತ ನಂಬರ್ ಇದೆ, ಹಗಲು ರಾತ್ರಿ. ತೀರಾ ಅವಸರಕ್ಕೆ 999, ಉಳಿದದ್ದಕ್ಕೆ 111. ಫೋನ್ ಮಾಡಿದೆ. ಮಗು ನೀರು ಕುಡಿಯುತ್ತಿದೆಯಾ, ಮೂತ್ರ ಆಗಿದೆಯಾ, ಮೈ ಮೇಲೆ ಗಂದೆ ಇದೆಯಾ, ಕುತ್ತಿಗೆ ಬಗ್ಗಿಸುತ್ತಾನಾ, ಉಸಿರಾಟ ಹೇಗಿದೆ ಅಂತ ಒಂದೊಂದಾಗಿ, ನಿಧಾನವಾಗಿ ಕೇಳಿದರು. ಪ್ಯಾರಾಸಿಟಮಾಲ್ ಕೊಡಿ, ನೀರು ಕುಡಿಸುತ್ತಿರಿ, ಇಂಥಿಂಥದ್ದು ಕಂಡರೆ ತಕ್ಷಣ ಮತ್ತೆ ಫೋನ್ ಮಾಡಿ ಅಂದರು.

ನಮ್ಮ ಡಾಕ್ಟರ್ ಬರೆದುಕೊಟ್ಟ ಸಿರಪ್ ತಂದಿದ್ದೆ. ಬಾಟಲಿ ಸೂಟ್‌ಕೇಸಿನಲ್ಲಿ ಒಡೆದು ಬಟ್ಟೆಗೆಲ್ಲ ಅಂಟಿತ್ತು. ಗಂಡ ಹೋಗಿ ತಡವಾಗಿ ಬಾಗಿಲು ಹಾಕುವ ಅಂಗಡಿಯಿಂದ ಹೊಸದು ತಂದರು. ಅಲ್ಲಿ ಮಕ್ಕಳ ಪ್ಯಾರಾಸಿಟಮಾಲ್ ಸಾಮಾನ್ಯ ಅಂಗಡಿಯಲ್ಲೂ ಸಿಗುತ್ತದೆ. ಕೊಡುವ ಮುಂಚೆ ಡಬ್ಬಿ ತಿರುಗಿಸಿ ಓದಿದೆ. 5 ಎಂಎಲ್‌ನಲ್ಲಿ 120 ಮಿಲಿಗ್ರಾಂ. ನನ್ನ ಒಡೆದ ಬಾಟಲಿ 250ರದು. ಅದೇ ಅಳತೆಯಲ್ಲಿ ಕೊಟ್ಟಿದ್ದರೆ ಅರ್ಧ ಔಷಧವೂ ಹೋಗುತ್ತಿರಲಿಲ್ಲ. ಅಲ್ಲಿಂದ 120 ತಂದು ಇಲ್ಲಿ 250ರ ಬಾಟಲಿಗೆ ಬದಲಾಯಿಸಿದರೆ ಎರಡರಷ್ಟು ಹೋಗುತ್ತದೆ, ಅದು ಇನ್ನೂ ಅಪಾಯ. ಇದನ್ನು ದಯವಿಟ್ಟು ನೆನಪಿಡಿ. ಎಷ್ಟು ಎಂಎಲ್ ಅಂತ ಅಲ್ಲ, ಎಷ್ಟು ಮಿಲಿಗ್ರಾಂ ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡು ಹೋಗಿ. ಬೆಳಿಗ್ಗೆ ಹೊತ್ತಿಗೆ ಜ್ವರ ಇಳಿಯಿತು. ಆ ದಿನ ಎಲ್ಲಿಗೂ ಹೋಗಲಿಲ್ಲ. ಮರುದಿನವೂ ದೂರ ಹೋಗಲಿಲ್ಲ.

ಹಾಗಾಗಿಯೇ ಕೋರಮ್ಸ್ ಫೀಲ್ಡ್ಸ್ ಸಿಕ್ಕಿತು. ಮನೆಯಿಂದ ಐದು ನಿಮಿಷ. ಏಳು ಎಕರೆಯ ಆಟದ ಬಯಲು, ಮರಳು, ಜಾರುಬಂಡೆ, ಮೇಕೆಗಳು. ದೊಡ್ಡವರು ಮಗುವಿನ ಜೊತೆಗಲ್ಲದೆ ಒಳಗೆ ಬರುವಂತಿಲ್ಲ ಅಂತ ಗೇಟಿನಲ್ಲೇ ಬರೆದಿದೆ. ಮಗಳಿಗೆ ಅದನ್ನು ಓದಿ ಹೇಳಿದೆ. ಅವಳು ನಮ್ಮಿಬ್ಬರ ಕೈ ಹಿಡಿದು, "ಇವರು ನನ್ನ ಜೊತೆ" ಅಂತ ಗೇಟಿನವರಿಗೆ ಕನ್ನಡದಲ್ಲೇ ಹೇಳಿ ಒಳಗೆ ಕರೆದುಕೊಂಡು ಹೋದಳು.

ಆ ಬಯಲು ಹಿಂದೆ ಅನಾಥ ಮಕ್ಕಳ ಆಶ್ರಯದ ಜಾಗ. ಥಾಮಸ್ ಕೋರಮ್ ಅನ್ನುವ ಹಡಗಿನ ಕ್ಯಾಪ್ಟನ್, ಲಂಡನ್ನಿನ ಬೀದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ನೋಡಲಾರದೆ ವರ್ಷಗಟ್ಟಲೆ ಓಡಾಡಿ 1739ರಲ್ಲಿ ಅನುಮತಿ ಪಡೆದು ಕಟ್ಟಿಸಿದ್ದು. ಪಕ್ಕದಲ್ಲೇ ಅದರ ಮ್ಯೂಸಿಯಂ. ಮಕ್ಕಳನ್ನು ಅಪ್ಪನ ಹತ್ತಿರ ಬಿಟ್ಟು ನಾನೊಬ್ಬಳೇ ಹೋಗಿ ಬಂದೆ. ಮಗುವನ್ನು ಒಪ್ಪಿಸಿ ಹೋಗುವ ತಾಯಂದಿರು ಒಂದು ಗುರುತು ಬಿಟ್ಟುಹೋಗುತ್ತಿದ್ದರು. ಮುಂದೆ ಎಂದಾದರೂ ಕರೆದುಕೊಂಡು ಹೋಗುವ ಕಾಲ ಬಂದರೆ ಇದು ನನ್ನ ಮಗು ಅಂತ ತೋರಿಸಲು. ಅವು ಅಲ್ಲಿವೆ. ಉಜ್ಜಿ ಹೆಸರು ಕೆತ್ತಿದ ನಾಣ್ಯ. ಒಂದು ಗುಂಡಿ. ಒಂದು ಹೇಜಲ್ ಕಾಯಿಯ ಚಿಪ್ಪು, ಅಷ್ಟೇ. ಬೇರೇನೂ ಕೊಡಲು ಇಲ್ಲದವಳು ಅದನ್ನೇ ಕೊಟ್ಟಿದ್ದಾಳೆ. ಬಹುಪಾಲು ತಾಯಂದಿರು ವಾಪಸ್ ಬರಲಾಗಲಿಲ್ಲ. ಜ್ವರ ಬಿಟ್ಟ ಮಗನ ವಾಸನೆ ಇನ್ನೂ ನನ್ನ ದುಪಟ್ಟಾದಲ್ಲಿತ್ತು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ನನ್ನಿಂದ ಆಗಲಿಲ್ಲ.

ಎಂಟನೇ ದಿನ ಮಾತು ಕೊಟ್ಟಿದ್ದ ಗುಡ್ಡಕ್ಕೆ ಹೊರಟೆವು. ಗ್ರೀನಿಚ್. ಹೋಗಲು ಡಿಎಲ್‌ಆರ್ ಅನ್ನುವ ಪುಟ್ಟ ರೈಲು. ಅದರಲ್ಲಿ ಡ್ರೈವರ್ ಕ್ಯಾಬಿನ್ ಇಲ್ಲ. ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕೂತರೆ ಎದುರಿಗೆ ಹಳಿ, ಸುರಂಗ, ಆಕಾಶ. ಎರಡು ರೈಲು ಬಿಟ್ಟು ಮೂರನೆಯದಕ್ಕೆ ಮುಂದಿನ ಸೀಟು ಸಿಕ್ಕಿತು. ಮಗ ದಾರಿಯುದ್ದಕ್ಕೂ ಇಲ್ಲದ ಸ್ಟೀರಿಂಗ್ ತಿರುಗಿಸಿದ. ಕಟಿ ಸಾರ್ಕ್ ಸ್ಟೇಷನ್‌ನಲ್ಲಿ ಇಳಿದು ಪಾರ್ಕಿನ ಏರು ಹತ್ತಿದೆವು. ಕಡಿದಾದ ಏರು, ಸ್ಟ್ರಾಲರ್ ತಳ್ಳಲು ಇಬ್ಬರು ಬೇಕು.

ಗುಡ್ಡದ ಮೇಲಿನ ಖಗೋಳ ವೀಕ್ಷಣಾಲಯದ ಒಳಗೆ ಟಿಕೆಟ್ ಇದೆ. ನಾವು ಹೊರಗೇ ಉಳಿದೆವು. ಮಗಳು ಕೇಳಿದ್ದಕ್ಕೆ ಉತ್ತರ ಹೊರಗೇ ಇತ್ತು. ಕಟ್ಟಡದ ಮೇಲೆ ಒಂದು ಕಂಬ, ಅದಕ್ಕೆ ಪೋಣಿಸಿದ ಒಂದು ದೊಡ್ಡ ಕೆಂಪು ಚೆಂಡು. 1833ರಿಂದ ಇದೆ. ದಿನಾ ಮಧ್ಯಾಹ್ನ 12:55ಕ್ಕೆ ಅರ್ಧ ಕಂಬ ಏರುತ್ತದೆ, 12:58ಕ್ಕೆ ತುದಿ ಮುಟ್ಟುತ್ತದೆ, ಸರಿಯಾಗಿ ಒಂದಕ್ಕೆ ಬೀಳುತ್ತದೆ. ಕೆಳಗೆ ಥೇಮ್ಸ್‌ನಲ್ಲಿ ನಿಂತ ಹಡಗಿನವರು ಅದನ್ನು ನೋಡಿ ತಮ್ಮ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಸಮುದ್ರದಲ್ಲಿ ತಾವು ಎಲ್ಲಿದ್ದೇವೆ ಅಂತ ತಿಳಿಯಲು ಅವರಿಗೆ ಸರಿಯಾದ ಹೊತ್ತು ಬೇಕಿತ್ತು. 1884ರಲ್ಲಿ ಬೇರೆ ಬೇರೆ ದೇಶದವರು ಸೇರಿ, ಲೆಕ್ಕ ಈ ಗುಡ್ಡದಿಂದ ಶುರುವಾಗಲಿ ಅಂತ ತೀರ್ಮಾನ ಮಾಡಿದರು. ನಮ್ಮ ಗಡಿಯಾರ ಇಲ್ಲಿಗಿಂತ ಐದೂವರೆ ಗಂಟೆ ಮುಂದೆ ಅನ್ನುವ ಲೆಕ್ಕವೂ ಇಲ್ಲಿಂದಲೇ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅದಕ್ಕೆ ಈಗ ನಾಲ್ಕೂವರೆ.

ಹುಲ್ಲಿನ ಮೇಲೆ ಡಬ್ಬಿ ಬಿಚ್ಚಿ ಪುಳಿಯೋಗರೆ ತಿನ್ನುತ್ತಾ ಕಾದೆವು. ಚೆಂಡು ಅರ್ಧ ಏರಿತು. ಮಗಳು ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಎದ್ದು ನಿಂತಳು. ಪೂರ್ತಿ ಏರಿತು. ಸುತ್ತ ಇದ್ದವರೆಲ್ಲ ಮಾತು ನಿಲ್ಲಿಸಿದರು. ಸದ್ದಿಲ್ಲದೆ ಬಿತ್ತು. ಮಗ ಚಪ್ಪಾಳೆ ತಟ್ಟಿ "ಇನ್ನೊಂದ್ಸಲ" ಅಂದ. ಇನ್ನೊಂದು ಸಲ ನಾಳೆ ಅಂತ ಅವನಿಗೆ ತಿಳಿಸುವುದು ಕಷ್ಟವಾಯಿತು.

"ಈಗ ಅಜ್ಜಿ ಮನೇಲಿ ಎಷ್ಟು ಗಂಟೆ?" ಅಂತ ಅವಳಪ್ಪ ಕೇಳಿದರು.

"ಐದೂವರೆ. ಅಜ್ಜಿ ಕಾಫಿ ಸೋಸ್ತಿರ್ತಾರೆ." ತಕ್ಷಣ ಫೋನ್ ಮಾಡಿಸಿದಳು. ಅತ್ತೆ ನಿಜಕ್ಕೂ ಅಡಿಗೆಮನೆಯಲ್ಲಿದ್ದರು.

ವಾಪಸ್ ಬಂದು ನಾಲ್ಕು ದಿನ ಮಕ್ಕಳು ರಾತ್ರಿ ಹನ್ನೆರಡಾದರೂ ಮಲಗಲಿಲ್ಲ, ಬೆಳಿಗ್ಗೆ ಹತ್ತಾದರೂ ಏಳಲಿಲ್ಲ. ಐದನೇ ದಿನ ಸರಿಹೋಯಿತು. ಮಗನಿಗೆ ಏನು ನೆನಪಿದೆ ಅಂದರೆ, ಕೆಂಪು ಉಲ್ಲನ್ ಉಂಡೆ ಮತ್ತು ಮೇಕೆ. ಯಾರು ಲಂಡನ್ ಅಂದರೂ "ಮೇಕೆ" ಅನ್ನುತ್ತಾನೆ. ಮಗಳು ತರಗತಿಯಲ್ಲಿ ಟಿಪ್ಪುವಿನ ಹುಲಿಯ ಚಿತ್ರ ಬಿಡಿಸಿ, ಕೆಳಗೆ "ಇದು ನಮ್ಮದು" ಅಂತ ಬರೆದಳು. ಸಂಜೆ ಆಡಿ ಬಂದು ಕೈಕಾಲು ತೊಳೆಯುವಾಗ ಗೋಡೆಯ ಗಡಿಯಾರ ನೋಡಿ, "ಅಮ್ಮ, ಈಗ ಚೆಂಡು ಬಿತ್ತು" ಅನ್ನುವುದು ದಿನದ ರೂಢಿಯಾಯಿತು.

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಿಟ್ಟರು. ಇನ್ನು ಮೇಲೆ ಆರೂವರೆಗೆ ಬೀಳೋದು ಪುಟ್ಟಿ ಅಂದೆ. ಕಾಲು ಒರೆಸುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಲ್ಲಿಯವರೆಗೂ ಅದು ಮೇಲೇ ಇರುತ್ತಾ?"